ರಿಪೇರಿಗೆ 20 ನಿಮಿಷ: ಗಡಿಯಾರ ಯಾವಾಗ ಶುರುವಾಗಬೇಕು?

ರೋಬೋಟ್ ಕಾಳಗ ನೋಡಲು ಬಂದವರ ಕಣ್ಣಿಗೆ ಬೀಳುವುದು ಅಖಾಡದ ಮೂರು ನಿಮಿಷ ಮಾತ್ರ. ಸುರಕ್ಷತಾ ತಪಾಸಣೆ ಮಾಡುವ ನನ್ನಂಥವರಿಗೆ ಕೆಲಸವಿರುವುದು ಅದರ ಹಿಂದೆ ಮುಂದೆ, ತಂಡಗಳು ರೋಬೋಟ್ ಸಿದ್ಧಪಡಿಸುವ ಪಿಟ್‌ನಲ್ಲಿ. ಹೊಸ ತಂಡದವರು ಬಂದ ಕೂಡಲೇ ಕೇಳುವುದು ಒಂದೇ ಮಾತು: "ಸರ್, ರಿಪೇರಿಗೆ ಎಷ್ಟು ಟೈಮ್ ಕೊಡ್ತೀರಿ?"

ಒಂದೇ ದಿನದಲ್ಲಿ ಮುಗಿಯುವ ಸಣ್ಣ ತೂಕದ ಸ್ಪರ್ಧೆಗಳಲ್ಲಿ ಎರಡು ಕಾಳಗಗಳ ನಡುವೆ ಕನಿಷ್ಠ 20 ನಿಮಿಷ ಕೊಡುವ ರೂಢಿ ಅಮೆರಿಕದಲ್ಲಿ ಬಹಳ ಹಳೆಯದು. ಬ್ಯಾಟಲ್‌ಬಾಟ್ಸ್‌ನಂಥ ಟಿವಿ ಸ್ಪರ್ಧೆಯ ಲೆಕ್ಕ ಬೇರೆ. ಅಲ್ಲಿ ರೋಬೋಟಿನ ತೂಕದ ಮಿತಿ 250 ಪೌಂಡ್, ಅಂದರೆ ಸುಮಾರು 113 ಕೆಜಿ. ಚಿತ್ರೀಕರಣ ಹಲವು ದಿನ ನಡೆಯುವುದರಿಂದ ಆರಂಭದ ಸುತ್ತುಗಳಲ್ಲಿ ಉಸಿರಾಡಲು ಸಮಯ ಸಿಗುತ್ತದೆ. ನಾಕೌಟ್ ಹಂತ ಬಂತೆಂದರೆ ರಾತ್ರಿ ನಿದ್ದೆ ಇರುವುದಿಲ್ಲ.

ಈ 20 ನಿಮಿಷ ಇರುವುದು ಮುರಿದ ಬ್ಲೇಡಿಗೋ ಸೊಟ್ಟಗಾದ ಚೌಕಟ್ಟಿಗೋ ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಪ್ರಕಾರ ಆ ಅವಧಿಯನ್ನು ಬಿಗಿ ಮಾಡುವುದು ಬ್ಯಾಟರಿ. ತೂಕ ಉಳಿಸಲು ಎಲ್ಲರೂ ಮೂರು ನಿಮಿಷಕ್ಕೆ ಸಾಕಾಗುವಷ್ಟೇ ದೊಡ್ಡ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ಹಾಕುತ್ತಾರೆ. ಹೊರಬರುವ ಹೊತ್ತಿಗೆ ಅದು ಬಹುಪಾಲು ಖಾಲಿ, ಕೈಯಿಟ್ಟರೆ ಬಿಸಿ. 45 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರುವ ಪ್ಯಾಕನ್ನು ಚಾರ್ಜರಿಗೆ ಹಾಕಬಾರದು. ತಣ್ಣಗಾದ ಮೇಲೂ 1ಸಿ ದರದಲ್ಲಿ, ಅಂದರೆ ಪ್ಯಾಕಿನ ಸಾಮರ್ಥ್ಯಕ್ಕೆ ಸಮನಾದ ಕರೆಂಟಿನಲ್ಲಿ, ಸೆಲ್ 4.2 ವೋಲ್ಟ್ ಮುಟ್ಟಿ ಪೂರ್ತಿ ತುಂಬಲು ಒಂದು ಗಂಟೆಗೂ ಹೆಚ್ಚು ಬೇಕು. ಅಂದಮೇಲೆ 20 ನಿಮಿಷದಲ್ಲಿ ಚಾರ್ಜ್ ಮಾಡಿ ಮರಳುವ ಯೋಚನೆಯನ್ನೇ ಬಿಡಬೇಕು. ಎರಡನೇ, ಮೂರನೇ ಜೊತೆ ಪ್ಯಾಕ್ ತುಂಬಿಸಿಟ್ಟುಕೊಂಡು ಬಂದವರಷ್ಟೇ ನಿಜಕ್ಕೂ ಸಿದ್ಧರು.

ಉಳಿದ ಭಾಗಗಳ ಕಥೆಯೂ ಅಷ್ಟೆ. ಗೆಲ್ಲುವ ತಂಡ ಪಿಟ್‌ನಲ್ಲಿ ರಿಪೇರಿ ಮಾಡುವುದು ಕಡಿಮೆ, ಬದಲಿಸುವುದೇ ಹೆಚ್ಚು. ಮೋಟರು, ಗೇರ್‌ಬಾಕ್ಸ್, ಚಕ್ರ ಮೂರೂ ಒಂದೇ ತುಂಡಾಗಿ ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಬರಬೇಕು. ಬೋಲ್ಟ್ ಸಡಿಲವಾಗದಂತೆ ಹಾಕುವ ಥ್ರೆಡ್ ಲಾಕರ್ ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಹಾಗಾಗಿ ಪಿಟ್‌ನಲ್ಲಿ ನೈಲಾನ್ ಉಂಗುರದ ನೈಲಾಕ್ ನಟ್ಟೇ ಗತಿ. ವೆಲ್ಡಿಂಗ್ ಮಾಡಲೇಬೇಕೆಂದರೆ ಮೊದಲು ಎಲೆಕ್ಟ್ರಾನಿಕ್ಸ್ ಪೂರ್ತಿ ಹೊರತೆಗೆಯಿರಿ. ಟಿಗ್ ವೆಲ್ಡಿಂಗ್ ಶುರುವಾಗುವಾಗಿನ ಹೈ ಫ್ರೀಕ್ವೆನ್ಸಿ ಕಿಡಿ, ಮೋಟರಿನ ವೇಗ ನಿಯಂತ್ರಿಸುವ ಕಂಟ್ರೋಲರನ್ನು ಸದ್ದಿಲ್ಲದೆ ಸಾಯಿಸುತ್ತದೆ, ಅದು ಗೊತ್ತಾಗುವುದು ಅಖಾಡದೊಳಗೆ.

ಇನ್ನು ತಪಾಸಣೆ. ಬೆಳಗ್ಗೆ ಒಮ್ಮೆ ಪಾಸಾದರೆ ಇಡೀ ದಿನಕ್ಕೆ ಪಾಸ್ ಅಂತಲ್ಲ. ಆರ್ಮರ್ ಬದಲಿಸಿದರೆ ತೂಕ ಮತ್ತೆ ನೋಡುತ್ತೇವೆ. ವೆಪನ್ ಬದಲಿಸಿದರೆ, ಅದು ತಿರುಗದಂತೆ ಹಿಡಿದಿಡುವ ಲಾಕ್ ಹೊಸ ಬ್ಲೇಡಿಗೂ ಕೂರುತ್ತದೆಯೇ ಎಂದು ಹಾಕಿ ತೋರಿಸಬೇಕು. ಅಖಾಡದ ಹೊರಗೆ ಲಾಕ್ ಇಲ್ಲದ ರೋಬೋಟಿಗೆ ಕರೆಂಟ್ ಕೊಡುವಂತೆಯೇ ಇಲ್ಲ. ಬ್ಯಾಟಲ್‌ಬಾಟ್ಸ್‌ನಲ್ಲಿ ಬ್ಲೇಡಿನ ತುದಿಯ ವೇಗಕ್ಕೆ ಗಂಟೆಗೆ 250 ಮೈಲಿಯ ಮಿತಿಯಿದೆ. ಅಷ್ಟು ವೇಗದ ಉಕ್ಕು ಮೇಜಿನ ಮೇಲೆ ತಿರುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ರಿಪೇರಿಯಾದ ಮೇಲೆ ನಾನು ಅತಿ ಹೆಚ್ಚು ಬಾರಿ ತಡೆದು ನಿಲ್ಲಿಸುವುದು ಬ್ಲೇಡಿಗಲ್ಲ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿಗೆ. ಏಟು ತಿಂದ ರಿಸೀವರ್ ತೆಗೆದು ಹೊಸದು ಹಾಕಿ ಕೈಯಲ್ಲಿರುವ ಟ್ರಾನ್ಸ್‌ಮಿಟರಿಗೆ ಬೈಂಡ್ ಮಾಡುತ್ತಾರೆ, ಅಂದರೆ ಜೋಡಿ ಮಾಡುತ್ತಾರೆ. ಚಕ್ರ ತಿರುಗುತ್ತದೆ, ಖುಷಿ. ಹಲವು ರಿಸೀವರುಗಳು ಬೈಂಡ್ ಆಗುವ ಕ್ಷಣದಲ್ಲಿ ಸ್ಟಿಕ್ ಎಲ್ಲಿದೆಯೋ ಅದನ್ನೇ ಫೇಲ್‌ಸೇಫ್, ಅಂದರೆ ಸಿಗ್ನಲ್ ತಪ್ಪಿದಾಗ ಹೋಗಬೇಕಾದ ಸ್ಥಿತಿ ಎಂದು ನೆನಪಿಟ್ಟುಕೊಳ್ಳುತ್ತವೆ. ಅವಸರದಲ್ಲಿ ಥ್ರಾಟಲ್ ಸ್ವಲ್ಪ ಮೇಲಿದ್ದರೆ, ಸಿಗ್ನಲ್ ತಪ್ಪಿದಾಗ ನಿಲ್ಲಬೇಕಾದ ವೆಪನ್ ತಿರುಗುತ್ತಲೇ ಇರುತ್ತದೆ. ಅದಕ್ಕೇ ರೋಬೋಟನ್ನು ಪರೀಕ್ಷೆಯ ಮುಚ್ಚಿದ ಪೆಟ್ಟಿಗೆಯೊಳಗಿಟ್ಟು (ಟೆಸ್ಟ್ ಬಾಕ್ಸ್) ಟ್ರಾನ್ಸ್‌ಮಿಟರ್ ಆಫ್ ಮಾಡಿ ಎನ್ನುತ್ತೇನೆ. "ಬೆಳಿಗ್ಗೆನೇ ತೋರಿಸಿದ್ವಲ್ಲ ಸರ್, ಮ್ಯಾಚಿಗೆ ಐದೇ ನಿಮಿಷ ಇದೆ" ಎಂಬ ಉತ್ತರ ಬರುತ್ತದೆ. ಬೆಳಿಗ್ಗೆ ಇದ್ದದ್ದು ಬೇರೆ ರಿಸೀವರ್. ಅಮೆರಿಕದ ಸಣ್ಣ ಸ್ಪರ್ಧೆಗಳು ಹೆಚ್ಚಾಗಿ ಅನುಸರಿಸುವ ಸ್ಪಾರ್ಕ್ ನಿಯಮಾವಳಿಯಲ್ಲೂ ಸಿಗ್ನಲ್ ಹೋದರೆ ಓಟ, ವೆಪನ್ ಎರಡೂ ನಿಲ್ಲಬೇಕೆಂದಿದೆ.

ಅವಧಿಯ ಬಗ್ಗೆ ನನ್ನದೊಂದು ತಕರಾರಿದೆ. ಪಂದ್ಯ ಮುಗಿದ ಗಂಟೆ ಬಾರಿಸಿದ ಕೂಡಲೇ ಗಡಿಯಾರ ಶುರುಮಾಡುವ ಸಂಘಟಕರಿದ್ದಾರೆ. ವೆಪನ್ ನಿಂತು, ಒಂದೊಂದಾಗಿ ಕರೆಂಟ್ ಕಡಿದು, ಲಾಕ್ ಹಾಕಿ, ರೋಬೋಟನ್ನು ಹೊರತರುವಷ್ಟರಲ್ಲೇ ಅರ್ಧ ಹೊತ್ತು ಹೋಗಿರಬಹುದು. ಪ್ಯಾಕ್ ಉಬ್ಬಿದ್ದರೆ, ತೂತಾಗಿದ್ದರೆ ಅದನ್ನು ಹೊರಗೆ ಮರಳಿನ ಬಕೆಟ್ಟಿಗೆ ಸೇರಿಸಿ ಕಾಯಬೇಕು. ಆ ಕಾಯುವಿಕೆಗೆ ತಂಡದ ರಿಪೇರಿ ಸಮಯ ಕತ್ತರಿಸಿದರೆ ಯಾರೂ ಕಾಯುವುದಿಲ್ಲ. ಹೊಗೆಯಾಡುವ ಪ್ಯಾಕಿನ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಬ್ಯಾಟರಿ ಹೊರಬಂದು, ತಪಾಸಕರು ಸರಿ ಎಂದ ಮೇಲೆ ಗಡಿಯಾರ ಓಡಲಿ. ವೇಳಾಪಟ್ಟಿ ಹತ್ತು ನಿಮಿಷ ಜಾರುತ್ತದೆ, ಜಾರಲಿ.

ಹೆಚ್ಚುವರಿ ಸಮಯ ಕೇಳಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದಿಡುವುದು ಒಳ್ಳೆಯದು. ಎದುರಾಳಿ ಒಪ್ಪಿದರೆ ಕೊಡೋಣ ಎಂಬುದು ಕೇಳಲು ಚೆಂದ. ಆದರೆ ಒಪ್ಪದ ತಂಡ ಇಡೀ ಪಿಟ್‌ನ ಕಣ್ಣಿಗೆ ಖಳನಾಗುತ್ತದೆ. ತೀರ್ಮಾನ ಸಂಘಟಕರದ್ದೇ ಆಗಿರಬೇಕು: ಎಲ್ಲರಿಗೂ ಒಂದೇ ಅಳತೆ, ಅದು ಮುಗಿದರೆ ವಾಕೋವರ್. ಎದುರಾಳಿಗೆ ಸಹಾಯ ಮಾಡುವ ಮನಸ್ಸಿದ್ದರೆ ಒಂದು ಮೋಟರೋ ಕಂಟ್ರೋಲರೋ ಎರವಲು ಕೊಡಲಿ, ಈ ಆಟದಲ್ಲಿ ಅದು ದಿನಾ ನಡೆಯುವಂಥದ್ದು. ಎರವಲು ಬಂದ ಕಂಟ್ರೋಲರಿಗೂ ಫೇಲ್‌ಸೇಫ್ ಪರೀಕ್ಷೆ ತಪ್ಪಿದ್ದಲ್ಲ.