ಅಪ್ಪ ಅಮ್ಮ ಚೆನ್ನಾಗಿದ್ದರೂ ಮರಿಗೆ ಕಾಯಿಲೆ ಬರುತ್ತಾ?

ಪ್ರಶ್ನೆ: ಶುದ್ಧ ತಳಿಯ ನಾಯಿಮರಿಯೊಂದನ್ನು ನೋಡಿದ್ದೇವೆ. ಅದರ ಅಪ್ಪ, ಅಮ್ಮ ಎರಡೂ ಗಟ್ಟಿಮುಟ್ಟಾಗಿವೆ, ರಕ್ತ ಪರೀಕ್ಷೆಯೂ ನಾರ್ಮಲ್. ಆದರೂ ಮರಿಗೆ ವಂಶದಿಂದ ಕಿಡ್ನಿ, ಲಿವರ್ ಕಾಯಿಲೆ ಬರಬಹುದಾ?

ಉತ್ತರ: ಬರಬಹುದು. ಇಂಥ ಹಲವು ಕಾಯಿಲೆಗಳಲ್ಲಿ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಸೇರಿದರೆ ಮಾತ್ರ ರೋಗ. ಒಂದೇ ಇದ್ದರೆ ಆ ನಾಯಿಗೆ ಏನೂ ಆಗುವುದಿಲ್ಲ. ಅಂಥ ಎರಡನ್ನು ಕೂಡಿಸಿದರೆ ಹುಟ್ಟುವ ಪ್ರತಿ ಮರಿಗೂ ರೋಗದ ಸಾಧ್ಯತೆ ಶೇ. 25. ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಎಳೆ ವಯಸ್ಸಿಗೇ ಕಿಡ್ನಿ ಕೈಕೊಡುವ ಕಾಯಿಲೆ ಬರುವುದು ಹೀಗೆ.

ರಕ್ತ ಪರೀಕ್ಷೆಯನ್ನಂತೂ ಜಾಸ್ತಿ ನಂಬಬೇಡಿ. ಕಿಡ್ನಿಯ ಹೆಚ್ಚುಕಡಿಮೆ ಮುಕ್ಕಾಲು ಶಕ್ತಿ ಹೋದ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಮೇಲೇರುತ್ತದೆ. ಮೂತ್ರ ಮೊದಲೇ ಸುಳಿವು ಕೊಡುತ್ತದೆ. ಬಸೆಂಜಿ ತಳಿಯ ಫ್ಯಾಂಕೋನಿ ಕಾಯಿಲೆಯನ್ನೇ ನೋಡಿ. ಮೂತ್ರದಲ್ಲಿ ಅದ್ದಿದ ಪಟ್ಟಿ ಸಕ್ಕರೆ ತೋರಿಸುತ್ತದೆ, ರಕ್ತದಲ್ಲಿ ಸಕ್ಕರೆ ಸರಿಯಾಗೇ ಇರುತ್ತದೆ. ಕಿಡ್ನಿ ಅದನ್ನು ಹಿಡಿದಿಟ್ಟುಕೊಳ್ಳಲಾಗದೆ ಸೋರಿಸುತ್ತಿದೆ ಅಂತ ಅರ್ಥ. ಇದು ಸಾಮಾನ್ಯವಾಗಿ ಕಾಣಿಸುವುದು ನಾಲ್ಕು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಆ ನಾಯಿ ಮರಿ ಹಾಕಿಯೂ ಆಗಿರಬಹುದು, ಅಲ್ವಾ?

ಲಿವರ್ ಇನ್ನೂ ಮೌನಿ. ಬೆಡ್ಲಿಂಗ್ಟನ್ ಟೆರಿಯರ್‌ಗಳಲ್ಲಿ ಊಟದ ಜೊತೆ ಬಂದ ತಾಮ್ರ ಪಿತ್ತದ ಮೂಲಕ ಹೊರಹೋಗದೆ ಲಿವರ್‌ನಲ್ಲೇ ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ. ಇದಕ್ಕೆ ಕಾರಣವಾದ ಜೀನ್ ದೋಷ 2002ರಲ್ಲಿ ಪತ್ತೆಯಾಯಿತು. ಆದರೂ ಆ ದೋಷ ಹುಡುಕುವ ಜೀನ್ ಟೆಸ್ಟ್ ಎಲ್ಲವನ್ನೂ ಹಿಡಿಯುವುದಿಲ್ಲ. ಅನುಮಾನವಿದ್ದರೆ ಲಿವರ್‌ನ ಚೂರು ತೆಗೆದು ತಾಮ್ರ ಅಳೆಯಲೇಬೇಕು.

ಬುಲ್ ಟೆರಿಯರ್‌ಗಳ ಕಿಡ್ನಿಯಲ್ಲಿ ನೀರುಗುಳ್ಳೆ ಏಳುವ ಕಾಯಿಲೆಗೆ ಮಾತ್ರ ಒಂದೇ ಕೆಟ್ಟ ಜೀನ್ ಸಾಕು. ಅಲ್ಲಿ ಅಪ್ಪ ಅಮ್ಮನಿಗೆ ಸ್ಕ್ಯಾನ್ ಮಾಡಿಸಿದರೆ ಉಪಯೋಗವಿದೆ.

ಹಾಗಾಗಿ ಮರಿ ಮಾರುವವರನ್ನು ಸುಮ್ನೆ ‘ಆರೋಗ್ಯವಾಗಿದೆಯಾ’ ಅಂತ ಕೇಳಬೇಡಿ. ಆ ತಳಿಗೆ ಬರುವ ಕಾಯಿಲೆಯ ಹೆಸರು ಹೇಳಿ, ಅಪ್ಪ ಅಮ್ಮ ಇಬ್ಬರ ಜೀನ್ ವರದಿ ಕೇಳಿ. ಎರಡು ಸೇರಿದರೆ ಮಾತ್ರ ಬರುವ ಕಾಯಿಲೆಯಾದರೆ, ಒಬ್ಬರಲ್ಲಿ ಒಂದು ಕೆಟ್ಟ ಜೀನ್ ಇದ್ದು ಇನ್ನೊಬ್ಬರದ್ದು ಶುದ್ಧವಾಗಿದ್ದರೆ ಹೆದರಬೇಕಿಲ್ಲ. ಮರಿಗೆ ಆ ರೋಗ ಬರುವುದಿಲ್ಲ. ವರದಿಯೇ ಇಲ್ಲ ಅಂದರೆ, ನಾನಾದರೆ ಬೇರೆ ಮರಿ ಹುಡುಕುತ್ತೇನೆ.

ಮರಿ ಈಗಾಗಲೇ ಮನೆಗೆ ಬಂದಿದ್ದರೆ ಅದು ಕುಡಿಯುವ ನೀರಿನ ಮೇಲೆ ಕಣ್ಣಿಡಿ. ಜಾಸ್ತಿ ಕುಡಿದು ಜಾಸ್ತಿ ಮೂತ್ರ ಮಾಡತೊಡಗಿದರೆ, ಬೆಳಗಿನ ಮೊದಲ ಮೂತ್ರವನ್ನು ಹಿಡಿದು ಅವತ್ತೇ ಡಾಕ್ಟರ ಹತ್ತಿರ ಒಯ್ಯಿರಿ.