ರೀಲೋಡ್ ಆಯ್ತು, ಹಳೇ ಸೀಕ್ರೆಟ್ ಮಾತ್ರ ಹೋಗಲಿಲ್ಲ: ಆಥ್ ಪ್ರೊವೈಡರ್ ರಿಫ್ಯಾಕ್ಟರಿಂಗ್ ಟಿಪ್ಪಣಿ

ಆಥ್ ಪ್ರೊವೈಡರ್ ಅಂದರೆ ಬಳಕೆದಾರರು ಯಾರೆಂದು ಖಚಿತಪಡಿಸುವ ಲಾಗಿನ್ ಸೇವೆ. ಅದಕ್ಕೆ ನಮ್ಮ ಸರ್ವರ್ ತನ್ನ ಗುರುತು ತೋರಿಸುವ ಗುಪ್ತ ಪದವೇ ಸೀಕ್ರೆಟ್. ಕಾನ್ಫಿಗ್ ಫೈಲ್‌ನಲ್ಲಿ ಸೀಕ್ರೆಟ್ ಬದಲಿಸಿದೆ. ಲಾಗ್‌ನಲ್ಲಿ ‘ಕಾನ್ಫಿಗ್ ರೀಲೋಡ್ ಆಯಿತು’ ಅಂತ ಸಾಲು ಬಂದಿದೆ. ಲಾಗಿನ್ ಮಾಡಿದರೆ ಟೋಕನ್ ಎಂಡ್‌ಪಾಯಿಂಟ್‌ನಿಂದ (ಪ್ರೊವೈಡರ್ ಲಾಗಿನ್ ಟೋಕನ್ ಕೊಡುವ ವಿಳಾಸ) ‘ಇನ್‌ವ್ಯಾಲಿಡ್ ಕ್ಲೈಂಟ್’ ದೋಷ, ಅಂದರೆ ನಮ್ಮ ಸರ್ವರ್‌ನ ಗುರುತು ಒಪ್ಪಿಗೆಯಾಗಲಿಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ಎರಡು ದಿನ ಇದರ ಹಿಂದೆ ಬಿದ್ದಿದ್ದೆ. ಮರೆಯೋ ಮುಂಚೆ ಬರೆದಿಡುತ್ತಿದ್ದೇನೆ. ಓಐಡಿಸಿ (ಬೇರೆ ಸೇವೆಯ ಮೂಲಕ ಲಾಗಿನ್ ಮಾಡಿಸುವ ಪದ್ಧತಿ), ಎಲ್‌ಡ್ಯಾಪ್ (ಬಳಕೆದಾರರ ಡೈರೆಕ್ಟರಿಯನ್ನು ಕೇಳುವ ಪದ್ಧತಿ) ಪರಿಚಯ ಇದ್ದವರಿಗೆ ಇದು. ನಮ್ಮ ಕೋಡ್ ಗೋ ಭಾಷೆಯದು, ಆದರೆ ಈ ತೊಡಕು ಎಲ್ಲ ಭಾಷೆಯಲ್ಲೂ ಇರುವಂಥದ್ದೇ.

ಕಾನ್ಫಿಗ್ ಬೇರ್ಪಡಿಸಿದ್ದು

ಮೊದಲು ಒಂದೇ ದೊಡ್ಡ ಸ್ಟ್ರಕ್ಟ್ (ಫೀಲ್ಡ್‌ಗಳ ಕಟ್ಟು) ಇತ್ತು. ಎಲ್ಲ ಪ್ರೊವೈಡರ್‌ಗಳ ಫೀಲ್ಡೂ ಅದರಲ್ಲೇ, ಅರ್ಧ ಯಾವಾಗಲೂ ಖಾಲಿ. ಈಗ ಪ್ರತಿ ಪ್ರೊವೈಡರ್‌ಗೂ ಒಂದು ಐಡಿ, ಒಂದು ಬಗೆ, ಅದರದೇ ಸೆಟ್ಟಿಂಗ್ಸ್. ಬಗೆಗೊಂದು ಫ್ಯಾಕ್ಟರಿ: ಓದು, ಪರೀಕ್ಷಿಸು, ಕಟ್ಟಿಕೊಡು. ಇದು ಶ್ರಮದ ಕೆಲಸವೇ ಹೊರತು ಕಷ್ಟದ್ದಲ್ಲ.

ನಾನು ಎಡವಿದ್ದು ಇಲ್ಲಿ

ಸಿಗ್‌ಹಪ್ ಸಿಗ್ನಲ್ (ಓಡುತ್ತಿರುವ ಪ್ರೋಸೆಸ್‌ಗೆ ಕಳಿಸುವ ಸೂಚನೆ) ಬಂದಾಗ ಕಾನ್ಫಿಗ್ ಫೈಲ್ ಓದಿ, ಹೊಸ ಪ್ರೊವೈಡರ್‌ಗಳನ್ನು ಕಟ್ಟಿ, ರಿಜಿಸ್ಟ್ರಿಯಲ್ಲಿ (ಪ್ರೊವೈಡರ್‌ಗಳ ಪಟ್ಟಿ) ಹಳೆಯದರ ಜಾಗಕ್ಕೆ ಹಾಕುತ್ತಿದ್ದೆ. (ಸಿಗ್‌ಹಪ್ ಹಿಡಿಯೋ ಕೋಡ್ ಇಲ್ಲದಿದ್ದರೆ ಪ್ರೋಸೆಸ್ಸೇ ಸತ್ತುಹೋಗುತ್ತದೆ. ಅದನ್ನೂ ಕಲಿತದ್ದಾಯಿತು.) ರಿಜಿಸ್ಟ್ರಿಯಲ್ಲಿ ಹೊಸದು ಕೂತಿರೋದು ನಿಜ. ಆದರೆ ರೂಟ್‌ಗಳನ್ನು (ಯಾವ ವಿಳಾಸಕ್ಕೆ ಯಾವ ಹ್ಯಾಂಡ್ಲರ್, ಅಂದರೆ ಉತ್ತರಿಸುವ ಫಂಕ್ಷನ್, ಅನ್ನೋದನ್ನು) ನೋಂದಾಯಿಸೋದು ಸರ್ವರ್ ಏಳುವಾಗ ಒಂದೇ ಸಲ. ಆಗ ಪ್ರತಿ ಹ್ಯಾಂಡ್ಲರ್‌ಗೂ ಪ್ರೊವೈಡರ್‌ನ ಪಾಯಿಂಟರನ್ನೇ (ಮೆಮೊರಿಯಲ್ಲಿ ಅದಿರುವ ವಿಳಾಸ) ಕೊಟ್ಟುಬಿಟ್ಟಿದ್ದೆ. ಕ್ಲೋಷರ್ (ಹುಟ್ಟುವಾಗ ಸುತ್ತಲಿದ್ದ ವೇರಿಯಬಲ್‌ಗಳನ್ನು ಜೊತೆಗಿಟ್ಟುಕೊಳ್ಳುವ ಫಂಕ್ಷನ್) ಅದನ್ನು ಹಿಡಿದುಕೊಂಡಿತು. ರಿಜಿಸ್ಟ್ರಿ ಎಷ್ಟು ಸಲ ಬದಲಾದರೂ ಹ್ಯಾಂಡ್ಲರ್ ಕೈಯಲ್ಲಿರೋದು ಹಳೇ ಆಬ್ಜೆಕ್ಟೇ. ಹ್ಯಾಂಡ್ಲರ್ ಬಿಡದಿರುವ ತನಕ ಗಾರ್ಬೇಜ್ ಕಲೆಕ್ಟರೂ (ಬಳಕೆಯಲ್ಲಿಲ್ಲದ ಮೆಮೊರಿ ತೆರವು ಮಾಡುವ ಭಾಗ) ಅದನ್ನು ಮುಟ್ಟಲ್ಲ. ಎರಡೂ ಕಡೆ ಪಾಯಿಂಟರ್ ವಿಳಾಸ ಪ್ರಿಂಟ್ ಮಾಡಿ ನೋಡಿದಾಗಲೇ ಗುಟ್ಟು ರಟ್ಟಾಗಿದ್ದು.

ಸರಿ, ಹ್ಯಾಂಡ್ಲರ್‌ಗೆ ಪ್ರೊವೈಡರ್ ಬದಲು ರಿಜಿಸ್ಟ್ರಿಯನ್ನೇ ಕೊಟ್ಟೆ, ಬೇಕಾದಾಗಲೆಲ್ಲ ಕೇಳಿ ಪಡೆಯಲಿ ಅಂತ. ಆ ‘ಬೇಕಾದಾಗಲೆಲ್ಲ’ ಅನ್ನೋದೇ ಎರಡನೇ ಗುಂಡಿ. ಒಂದೇ ರಿಕ್ವೆಸ್ಟ್‌ನಲ್ಲಿ ಟೋಕನ್ ಎಂಡ್‌ಪಾಯಿಂಟ್ ವಿಳಾಸಕ್ಕೆ ಒಮ್ಮೆ ಕೇಳಿದೆ, ಸೀಕ್ರೆಟ್‌ಗೆ ಇನ್ನೊಮ್ಮೆ. ನಡುವೆ ರೀಲೋಡ್ ಆದರೆ? ಹಳೇ ವಿಳಾಸಕ್ಕೆ ಹೊಸ ಸೀಕ್ರೆಟ್ ಹೋಗುತ್ತದೆ. ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ) ಇದೆಯಲ್ಲ ಅಂತ ನಾನೂ ವಾದಿಸಿದೆ. ಮ್ಯೂಟೆಕ್ಸ್ ಒಂದೊಂದು ಓದನ್ನು ಕಾಯುತ್ತದೆ, ಎರಡು ಓದುಗಳ ಹೊಂದಾಣಿಕೆಯನ್ನಲ್ಲ. ರೇಸ್ ಡಿಟೆಕ್ಟರ್ (ಬೀಗವಿಲ್ಲದೆ ಒಂದೇ ಡೇಟಾವನ್ನು ಏಕಕಾಲಕ್ಕೆ ಓದಿ ಬರೆಯೋದನ್ನು ಹಿಡಿಯುವ ಸಾಧನ) ಕೂಡ ಸುಮ್ಮನಿರುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಇದು ಡೇಟಾ ರೇಸೇ ಅಲ್ಲ.

ಹಾಗಾಗಿ ಈಗ ಪಾಲಿಸುತ್ತಿರೋದು ಇಷ್ಟು: ಕಟ್ಟಿ ಮುಗಿದ ಮೇಲೆ ಪ್ರೊವೈಡರ್‌ನ ಯಾವ ಫೀಲ್ಡನ್ನೂ ತಿದ್ದೋ ಹಾಗಿಲ್ಲ. ಎಲ್ಲ ಪ್ರೊವೈಡರ್‌ಗಳ ಮ್ಯಾಪ್ (ಐಡಿಯಿಂದ ಪ್ರೊವೈಡರ್ ಹುಡುಕುವ ಪಟ್ಟಿ) ಒಂದೇ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಬದಲಾಗದ ಚಿತ್ರ. ಅದರತ್ತ ತೋರಿಸುವ ಒಂದು ಅಟಾಮಿಕ್, ಅಂದರೆ ಒಂದೇ ಏಟಿಗೆ ಬದಲಾಗುವ, ಪಾಯಿಂಟರ್ (ಗೋ 1.19ರಿಂದ, ಅಂದರೆ 2022ರಿಂದ, ಇದಕ್ಕೆ ಜೆನೆರಿಕ್ ಬಗೆಯೇ ಇದೆ). ರಿಕ್ವೆಸ್ಟ್ ಬಾಗಿಲಲ್ಲೇ ಸ್ನ್ಯಾಪ್‌ಶಾಟನ್ನು ಒಂದು ಸಲ ತೆಗೆದುಕೊಂಡು, ಒಳಗಿನ ಫಂಕ್ಷನ್‌ಗಳಿಗೆಲ್ಲ ಅದನ್ನೇ ದಾಟಿಸುವುದು. ಒಳಗೆ ಯಾರೂ ಮತ್ತೆ ರಿಜಿಸ್ಟ್ರಿ ಹತ್ತಿರ ಹೋಗಬಾರದು.

ಅರ್ಧ ದಾರಿಯಲ್ಲಿರುವ ಲಾಗಿನ್

ಬಾಗಿಲಲ್ಲಿ ಒಂದು ಸಲ ಅಂದೆ, ಆದರೆ ಓಐಡಿಸಿ ಲಾಗಿನ್‌ಗೆ ಬಾಗಿಲು ಎರಡು. ಬಳಕೆದಾರರು ಹೊರಗೆ, ಪ್ರೊವೈಡರ್ ಪುಟಕ್ಕೆ, ಹೋಗಿ ಪಾಸ್‌ವರ್ಡ್ ಕೊಟ್ಟು ಕಾಲ್‌ಬ್ಯಾಕ್‌ಗೆ (ನಮ್ಮ ಸರ್ವರ್‌ಗೆ ವಾಪಸ್ ಬರುವ ವಿಳಾಸ) ಮರಳುವಷ್ಟರಲ್ಲಿ ರೀಲೋಡ್ ಆಗಿರಬಹುದು. ನಮ್ಮಲ್ಲಿ ಸ್ಟೇಟ್, ನಾನ್ಸ್ (ಹೊರಟ ಲಾಗಿನ್ನೇ ಮರಳಿತೇ ಎಂದು ತಾಳೆ ನೋಡುವ ಗುರುತುಗಳು) ಎರಡೂ ಪ್ರೊವೈಡರ್ ಆಬ್ಜೆಕ್ಟ್ ಒಳಗಿದ್ದವು. ರೀಲೋಡ್ ಆದೊಡನೆ ಮಾಯ, ಮರಳಿದವರಿಗೆಲ್ಲ ದೋಷ! ಈಗ ಅವು ಹೊರಗಿನ ಸ್ಟೋರ್‌ನಲ್ಲಿವೆ, ಜೊತೆಗೆ ಪ್ರೊವೈಡರ್ ಐಡಿ ಮತ್ತು ಕ್ಲೈಂಟ್ ಐಡಿ (ಪ್ರೊವೈಡರ್ ಬಳಿ ನಮ್ಮ ಸರ್ವರ್‌ನ ಗುರುತು). ಕ್ಲೈಂಟ್ ಐಡಿ ಬದಲಾಗಿದ್ದರೆ ಮತ್ತೆ ಲಾಗಿನ್ ಮಾಡಿ ಅಂತ ಕೇಳೋದೇ ದಾರಿ. 2012ರ ಆರ್‌ಎಫ್‌ಸಿ 6749 (ಓಐಡಿಸಿಗೆ ಬುನಾದಿಯಾದ ಓಆಥ್ 2.0 ಮಾನದಂಡ) ಪ್ರಕಾರ ಆಥರೈಸೇಷನ್ ಕೋಡ್ (ಕಾಲ್‌ಬ್ಯಾಕ್‌ನಲ್ಲಿ ಬರುವ, ಕೊಟ್ಟು ಟೋಕನ್ ಪಡೆಯುವ ಕೋಡ್) ಅದನ್ನು ಪಡೆದ ಕ್ಲೈಂಟ್‌ಗೇ ಕಟ್ಟುಬಿದ್ದಿರುತ್ತದೆ.

ಚಿಲ್ಲರೆ ವಿಷಯಗಳು

ಹೊಸದು ಪೂರ್ತಿ ಸಿದ್ಧವಾಗುವ ತನಕ ಹಳೆಯದನ್ನು ಕೆಡವಬೇಡಿ. ಫೈಲ್‌ನಲ್ಲಿ ತಪ್ಪಿದ್ದರೆ ಇಡೀ ರೀಲೋಡನ್ನೇ ತಿರಸ್ಕರಿಸುತ್ತೇನೆ. ಸೆಟ್ಟಿಂಗ್ಸ್ ಬದಲಾಗದ ಪ್ರೊವೈಡರನ್ನು ಮತ್ತೆ ಕಟ್ಟದೆ ಹಳೇ ಆಬ್ಜೆಕ್ಟನ್ನೇ ಹೊಸ ಮ್ಯಾಪ್‌ಗೆ ಸೇರಿಸುತ್ತೇನೆ. ಇಲ್ಲದಿದ್ದರೆ ಯಾರದೋ ಡಿಸ್ಕವರಿ ವಿಳಾಸ (ಪ್ರೊವೈಡರ್ ತನ್ನ ವಿವರ ಪ್ರಕಟಿಸುವ ಜಾಗ) ಐದು ನಿಮಿಷ ಕೆಟ್ಟಿತೆಂದು ಉಳಿದವರ ರೀಲೋಡೂ ನಿಲ್ಲುತ್ತದೆ.

ಪ್ರೊವೈಡರ್ ಟೋಕನ್‌ಗೆ ಸಹಿ ಮಾಡುವ ಕೀ ಬದಲಾದರೆ ರೀಲೋಡ್ ಬೇಕಿಲ್ಲ. ಗೊತ್ತಿಲ್ಲದ ಕೀ ಐಡಿ ಕಂಡಾಗ ಕೀಗಳ ಪಟ್ಟಿಯನ್ನು ಮತ್ತೆ ತರಿಸಿದರೆ ಸಾಕು. ಪದೇ ಪದೇ ತರಿಸದಂತೆ ಮಿತಿ ಇರಲಿ.

ಫೈಲ್ ಬದಲಾವಣೆ ಕಾಯುವವರು ಫೈಲನ್ನಲ್ಲ, ಅದರ ಡೈರೆಕ್ಟರಿಯನ್ನು ಕಾಯಿರಿ. ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಕಾನ್ಫಿಗ್‌ಮ್ಯಾಪ್ (ಅದರಲ್ಲಿ ಕಾನ್ಫಿಗ್ ಇಡುವ ಜಾಗ) ಸಿಮ್‌ಲಿಂಕ್ (ಬೇರೆಡೆಯ ಫೈಲ್‌ನತ್ತ ತೋರಿಸುವ ಕೊಂಡಿ) ಬದಲಿಸಿ ಹೊಸದನ್ನು ತರುತ್ತದೆ. ಸಬ್‌ಪಾತ್ ಮೂಲಕ (ಇಡೀ ಡೈರೆಕ್ಟರಿಯ ಬದಲು ಅದರ ಒಂದು ಭಾಗವನ್ನಷ್ಟೇ) ಮೌಂಟ್ ಮಾಡಿದ್ದರೆ ಬದಲಾವಣೆ ಬರೋದೇ ಇಲ್ಲ.

ಪ್ರೊವೈಡರನ್ನು ಕಾನ್ಫಿಗ್‌ನಿಂದ ತೆಗೆದರೂ ಅದರ ಮೂಲಕ ಒಳಗೆ ಬಂದವರ ಸೆಷನ್ ಹಾಗೇ ಉಳಿದಿರುತ್ತದೆ. ಅದಕ್ಕೆ ಸೆಷನ್‌ನಲ್ಲೂ ಪ್ರೊವೈಡರ್ ಐಡಿ ಬರೆದಿಡುತ್ತಿದ್ದೇನೆ. ಪರೀಕ್ಷಿಸುವಾಗ ಆ ಐಡಿ ಸ್ನ್ಯಾಪ್‌ಶಾಟ್‌ನಲ್ಲಿ ಇಲ್ಲದಿದ್ದರೆ ಸೆಷನ್ ಅಲ್ಲಿಗೇ ರದ್ದು.