ಎಲೆಗೆ ಹೊಡೆಯುವ ಬ್ಯಾಕ್ಟೀರಿಯಾ ವೈರಸ್ ರೋಗ ತಡೆಯುತ್ತದೆಯೇ?

ಟೊಮೆಟೊ ಚಿಗುರು ಮುದುರಿ, ಗಿಡ ಗಿಡ್ಡಾಯಿತೆಂದರೆ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರು ಮೊದಲು ಹೋಗುವುದು ಗೊಬ್ಬರದ ಅಂಗಡಿಗೆ. ಈಗ ಅಲ್ಲಿ ಕೀಟನಾಶಕದ ಬಾಟಲಿಗಳ ಪಕ್ಕದಲ್ಲೇ ಸ್ಯೂಡೋಮೊನಾಸ್, ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳ ಪೊಟ್ಟಣಗಳೂ ಸಿಗುತ್ತವೆ. ತಂದು ಹೊಡೆದವರಲ್ಲಿ ಕೆಲವರು ಬೆಳೆ ಉಳಿಯಿತು ಅನ್ನುತ್ತಾರೆ, ಕೆಲವರು ದುಡ್ಡು ದಂಡವಾಯಿತು ಅನ್ನುತ್ತಾರೆ. ಇಬ್ಬರ ಮಾತೂ ನಿಜವಿರಬಹುದು. ಯಾವಾಗ ಹೊಡೆದರು ಎಂಬುದರ ಮೇಲೆ ಅದು ನಿಂತಿದೆ.

ತಂಬಾಕಿನ ಎಲೆಯ ರೋಗಕ್ಕೆ ಬ್ಯಾಕ್ಟೀರಿಯಾಕ್ಕಿಂತ ಬೇರೆಯದೇ ಆದ ಸೋಂಕು, ಅಂದರೆ ವೈರಸ್, ಕಾರಣ ಎಂದು ಡಚ್ ವಿಜ್ಞಾನಿ ಬೈಜರಿಂಕ್ 1898ರಲ್ಲಿ ಹೇಳಿದರು. ಅಲ್ಲಿಂದ ಇಲ್ಲಿಯವರೆಗೆ ಗಿಡದ ವೈರಸ್ಸಿಗೆ ಹೊಲದಲ್ಲಿ ಹೊಡೆದು ವಾಸಿ ಮಾಡುವ ಔಷಧಿ ಬಂದಿಲ್ಲ. ರೋಗದ ಗಿಡ ಕೀಳುವುದು, ಹರಡುವ ಕೀಟವನ್ನು ಕೊಲ್ಲುವುದು, ನಿರೋಧಕ ತಳಿ ಹುಡುಕುವುದು, ಇಷ್ಟರಲ್ಲೇ ಶತಮಾನ ಕಳೆಯಿತು.

ನಮ್ಮಲ್ಲಿ ಟೊಮೆಟೊ ಎಲೆ ಮುದುರು ರೋಗವನ್ನು ಹರಡುವುದು ಬಿಳಿನೊಣ. ರೋಗದ ಗಿಡದಲ್ಲಿ ಕೆಲವೇ ನಿಮಿಷ ರಸ ಹೀರಿದರೂ ಅದಕ್ಕೆ ವೈರಸ್ ಅಂಟಬಹುದು, ಆಮೇಲೆ ಬಹುದಿನ ಅದನ್ನು ಹೊತ್ತು ತಿರುಗುತ್ತದೆ. ಔಷಧಿ ತಾಗಿ ನೊಣ ಸಾಯುವ ಹೊತ್ತಿಗೆ ಎಷ್ಟೋ ಸಲ ವೈರಸ್ ಗಿಡದೊಳಗೆ ಸೇರಿಬಿಟ್ಟಿರುತ್ತದೆ. 1999ರಲ್ಲಿ ಕೋಲಾರದ ಹೊಲಗಳಲ್ಲಿ ‘ಬಿ’ ಬಯೋಟೈಪ್ ಎಂಬ ಹೊರದೇಶದ ಬಿಳಿನೊಣ ಪತ್ತೆಯಾದ ಮೇಲೆ ರೋಗದ ಕಾಟ ಇನ್ನೂ ಹೆಚ್ಚಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ್ ಎಂಬ ನಿರೋಧಕ ತಳಿಗಳನ್ನು ಕೊಟ್ಟಿತು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬಂತು. ಆದರೂ ಔಷಧಿಯ ಪಂಪು ಹೆಗಲಿನಿಂದ ಇಳಿಯಲಿಲ್ಲ.

ಬ್ಯಾಕ್ಟೀರಿಯಾದ ಕಥೆ ಶುರುವಾಗಿದ್ದು ಎಲೆಯಲ್ಲಲ್ಲ, ಬೇರಿನಲ್ಲಿ. ಬೇರಿನ ಸುತ್ತ ನೆಲೆಸಿ ಗಿಡಕ್ಕೆ ನೆರವಾಗುವ ಜೀವಾಣುಗಳನ್ನು ಅಮೆರಿಕದ ಕ್ಲೋಪರ್ ಮತ್ತು ಶ್ರಾತ್ 1978ರಲ್ಲಿ ಒಂದು ಗುಂಪಾಗಿ ಹೆಸರಿಸಿದರು. ಬೇರಿಗೆ ಕೊಟ್ಟ ಬ್ಯಾಕ್ಟೀರಿಯಾ ಎಲೆಯ ರೋಗವನ್ನೂ ತಗ್ಗಿಸುತ್ತದೆ ಎಂಬುದು 1991ರ ಹೊತ್ತಿಗೆ ಖಚಿತವಾಯಿತು. 1996ರಲ್ಲಿ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ತಂಡ ಸೌತೆ ಮತ್ತು ಟೊಮೆಟೊ ಗಿಡಗಳಲ್ಲಿ ಸೌತೆ ಮೊಸಾಯಿಕ್ ವೈರಸ್ಸಿನ ಮೇಲೂ ಇದನ್ನು ತೋರಿಸಿತು. ಮೈಸೂರು ವಿಶ್ವವಿದ್ಯಾಲಯದವರು ಸಜ್ಜೆಯ ಬೂಜು ತುಪ್ಪಟ ರೋಗದ ಮೇಲೆ ಇದೇ ದಾರಿಯಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಅದು ವೈರಸ್ ರೋಗವಲ್ಲ, ಆದರೆ ಗಿಡ ತನ್ನನ್ನು ತಾನೇ ಕಾಯ್ದುಕೊಳ್ಳುವಂತೆ ಎಚ್ಚರಿಸುವ ವಿಧಾನ ಒಂದೇ.

ಎಲೆಯ ಮೇಲೇ ನೆಲೆಸಬಲ್ಲ ಬ್ಯಾಸಿಲಸ್ ಅಮೈಲೊಲಿಕ್ವಿಫೇಸಿಯನ್ಸ್ ಅನ್ನು ಹೊಲದ ಮೆಣಸಿನಕಾಯಿ ಗಿಡಗಳಿಗೆ ಹೊಡೆದು, ಅದೇ ಮೊಸಾಯಿಕ್ ವೈರಸ್ ತಗ್ಗಿದ್ದನ್ನು ದಕ್ಷಿಣ ಕೊರಿಯಾದ ಲೀ ಮತ್ತು ರ್ಯು 2016ರಲ್ಲಿ ಪ್ರಕಟಿಸಿದರು. ಬೇರನ್ನು ಬಿಟ್ಟು ನೇರವಾಗಿ ಎಲೆಗೆ ಬಂದ ಈ ಹೆಜ್ಜೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪಂಪಿನಲ್ಲಿ ಹೊಡೆಯುವುದು ರೈತರಿಗೆ ಮೊದಲೇ ಗೊತ್ತಿರುವ ಕೆಲಸ.

ಆದರೆ ಈ ಬ್ಯಾಕ್ಟೀರಿಯಾ ವೈರಸ್ಸನ್ನು ಮುಟ್ಟುವುದೇ ಇಲ್ಲ. ವೈರಸ್ ಇರುವುದು ಜೀವಕೋಶದ ಒಳಗೆ, ಇದು ಕೂರುವುದು ಎಲೆಯ ಮೇಲೆ. ಅದರ ಮೈಯ ಪ್ರೋಟೀನು, ಅದು ಸ್ರವಿಸುವ ವಸ್ತುಗಳನ್ನು ಗಿಡ ಗುರುತಿಸಿ, ಸ್ಯಾಲಿಸಿಲಿಕ್ ಆಮ್ಲ, ಜಾಸ್ಮೋನಿಕ್ ಆಮ್ಲದಂಥ ತನ್ನದೇ ಸಂಕೇತಗಳ ಮೂಲಕ ರಕ್ಷಣೆಗೆ ಸಜ್ಜಾಗುತ್ತದೆ. ಆಮೇಲೆ ವೈರಸ್ ಹೊಕ್ಕರೆ ಬೇಗ ಎದುರಿಸುತ್ತದೆ, ರೋಗ ತಡವಾಗುತ್ತದೆ ಅಥವಾ ಸೌಮ್ಯವಾಗುತ್ತದೆ. ಹೀಗೆ ಸಜ್ಜಾಗಲು ಗಿಡಕ್ಕೆ ಕೆಲವು ದಿನ ಬೇಕು. ಮುದುರಿದ ಎಲೆಗೆ ಹೊಡೆದರೆ ಆ ಎಲೆ ಬಿಚ್ಚಿಕೊಳ್ಳುವುದಿಲ್ಲ.

ಎಲೆಯ ಮೇಲೆ ಬದುಕುವುದೂ ಸುಲಭವಲ್ಲ. ಒಂದು ಚದರ ಸೆಂಟಿಮೀಟರ್ ಎಲೆಯಲ್ಲಿ ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ಬ್ಯಾಕ್ಟೀರಿಯಾ ಮೊದಲೇ ಇರಬಹುದು. ಹೊಸದಾಗಿ ಬಂದದ್ದು ನರಗಳ ಸಂದಿಯಲ್ಲೋ ರೋಮದ ಬುಡದಲ್ಲೋ ತೇವ ಇರುವ ಜಾಗ ಹಿಡಿಯಬೇಕು. ಮಧ್ಯಾಹ್ನದ ಬಿಸಿಲು ಕೊಲ್ಲುತ್ತದೆ. ಬ್ಯಾಸಿಲಸ್ ಗಟ್ಟಿ ಕವಚದ ಬೀಜಕವಾಗಿ ತಡೆದುಕೊಂಡೀತು, ಸ್ಯೂಡೋಮೊನಾಸ್‌ಗೆ ಆ ಶಕ್ತಿ ಇಲ್ಲ. ಪೊಟ್ಟಣದ ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಕಣ ಇರಬೇಕೆಂಬ ನಿಯಮವಿದೆ. ಆದರೆ ತಗಡಿನ ಸೂರಿನ ಅಂಗಡಿಯಲ್ಲಿ ಎರಡು ಬೇಸಿಗೆ ಕಳೆದ ಪೊಟ್ಟಣದಲ್ಲಿ ಎಷ್ಟು ಉಳಿದಿರುತ್ತವೆ? ಅದನ್ನು ತಂದು ತಾಮ್ರದ ಔಷಧಿ ಅಥವಾ ಸ್ಟ್ರೆಪ್ಟೊಸೈಕ್ಲಿನ್ ಎಂಬ ಬ್ಯಾಕ್ಟೀರಿಯಾನಾಶಕದ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಿದರೆ ಉಳಿದದ್ದೂ ಸಾಯುತ್ತದೆ. ಸಂಜೆ ಹೊತ್ತು, ಬೇರೆ ಏನೂ ಬೆರೆಸದೆ, ಎಲೆಯ ಅಡಿಗೂ ತಾಗುವಂತೆ ಹೊಡೆಯಬೇಕು ಎಂಬ ಮಾತನ್ನು ಪೊಟ್ಟಣದ ಜೊತೆಯಲ್ಲೇ ರೈತರ ಕೈಗೆ ದಾಟಿಸುವ ವ್ಯವಸ್ಥೆ ನಮ್ಮಲ್ಲಿ ಬಹಳ ಸೊರಗಿದೆ.

ಹಾಗಾಗಿ ಇದರ ನಿಜವಾದ ಜಾಗ ನರ್ಸರಿ. ಇಂದು ಹೆಚ್ಚಿನ ಟೊಮೆಟೊ ಸಸಿ ಟ್ರೇಗಳಲ್ಲಿ, ತೆಂಗಿನ ನಾರಿನ ಪುಡಿಯಾದ ಕೊಕೊಪಿಟ್‌ನಲ್ಲಿ ಬೆಳೆದು, ಮೂರು ನಾಲ್ಕು ವಾರಕ್ಕೆ ಹೊಲಕ್ಕೆ ಬರುತ್ತದೆ. ಎಳೆಯ ಗಿಡಕ್ಕೆ ವೈರಸ್ ತಗುಲಿದರೆ ಕಾಯಿಯ ಆಸೆಯೇ ಬಿಡಬೇಕು, ತಿಂಗಳೆರಡು ತಿಂಗಳಾದ ಮೇಲೆ ತಗುಲಿದರೆ ಅಷ್ಟು ಹೊಡೆತವಿಲ್ಲ. ಬಿಳಿನೊಣ ನುಸುಳಲಾಗದ ಪರದೆಯೊಳಗೆ ಸಸಿ ಬೆಳೆಸಿ, ಬಿತ್ತುವಾಗ ಬೀಜಕ್ಕೆ, ನಾಟಿಗೆ ಮೊದಲು ಎಲೆಗೆ, ನಾಟಿಯಾದ ಮೇಲೆ ಒಂದೆರಡು ಸಲ ಬ್ಯಾಕ್ಟೀರಿಯಾ ಕೊಟ್ಟರೆ ಗಿಡ ಆ ಅಪಾಯದ ವಾರಗಳನ್ನು ದಾಟಲು ಅವಕಾಶ ಸಿಗುತ್ತದೆ.

ಇನ್ನೊಂದು ವಿಷಯವಿದೆ. ಕೊರಿಯಾದಲ್ಲಿ ತಗ್ಗಿದ್ದು ಸಸ್ಯಹೇನು ಹರಡುವ ವೈರಸ್, ನಮ್ಮದು ಬಿಳಿನೊಣ ಹರಡುವ ಬೇರೆಯೇ ಜಾತಿಯ ವೈರಸ್. ಅಲ್ಲಿ ಗೆದ್ದದ್ದು ಇಲ್ಲೂ ಅಷ್ಟೇ ಗೆಲ್ಲುತ್ತದೆ ಎಂದು ನಂಬಿ ಮಾರುವುದೂ ಕೊಳ್ಳುವುದೂ ಸರಿಯಲ್ಲ. ಬಿಳಿನೊಣ ಮುತ್ತುವ ಬೇಸಿಗೆ ಬೆಳೆಯಲ್ಲೇ, ರೈತರ ಹೊಲದಲ್ಲೇ, ಹೊಡೆದ ಸಾಲಿನ ಪಕ್ಕ ಹೊಡೆಯದ ಸಾಲೂ ಬಿಟ್ಟು, ಪೆಟ್ಟಿಗೆ ಲೆಕ್ಕದಲ್ಲಿ ಇಳುವರಿ ಬರೆದಿಟ್ಟ ಪರೀಕ್ಷೆಗಳು ಬೇಕು. ಅದರ ಫಲಿತಾಂಶ ಕನ್ನಡದಲ್ಲಿ, ನಾಟಿಯ ಕಾಲಕ್ಕೆ ಮೊದಲೇ ರೈತರಿಗೆ ತಲುಪಬೇಕು.